ಸಹಾಯ ಬೇಕು: ಡೊಂಬಿವಲಿ ಕಡೆ ಕನ್ನಡ ಬಲ್ಲ ಫಿಸಿಯೋಥೆರಪಿಸ್ಟ್ ಇದ್ದಾರಾ?

ನಮಸ್ಕಾರ. ಅಪ್ಪನಿಗೆ ಎರಡು ತಿಂಗಳ ಹಿಂದೆ ಕಿರುಮೆದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆಯಿತು. ಕಿರುಮೆದುಳು ತನ್ನ ಬದಿಯ ಕೈಕಾಲನ್ನೇ ನೋಡಿಕೊಳ್ಳುತ್ತದೆ, ಹಾಗಾಗಿ ತೊಂದರೆ ಬಲಗೈಗೇ. ಶಕ್ತಿ ಇದೆ, ಹಿಡಿತ ಇಲ್ಲ. ಸುಮ್ನೆ ಕೂತಾಗ ನಡುಕವಿಲ್ಲ. ಚಹಾ ಲೋಟಕ್ಕೆ ಕೈ ಚಾಚಿದರೆ ಹತ್ತಿರ ಹೋದಷ್ಟೂ ನಡುಗಿ, ಲೋಟ ದಾಟಿಯೇ ಹೋಗುತ್ತದೆ. ನಡಿಗೆ ಕುಡಿದವರ ಹಾಗೆ. (ಸೊಸೈಟಿಯಲ್ಲಿ ಹಾಗೇ ಅಂದುಕೊಂಡವರೂ ಇದ್ದಾರೆ!) ಎದುರು ಬರುವ ರಿಕ್ಷಾದ ವೇಗವೂ ಅಂದಾಜಿಗೆ ಸಿಗುವುದಿಲ್ಲ.

ನನಗೆ ಜಾಸ್ತಿ ಚಿಂತೆ ಕಲಿಕೆಯದು. ತಪ್ಪಿದ ಚಲನೆಯನ್ನು ತಿದ್ದಿಕೊಳ್ಳುವುದು ಕಿರುಮೆದುಳಿನದೇ ಕೆಲಸ ಅಲ್ವಾ? ವಾಕರ್ ಹಿಡಿಯುವುದನ್ನು ದಿನಾ ಹೊಸದಾಗಿ ಕಲಿಸುತ್ತಿದ್ದೇವೆ.

ಈಗ ಬರುವವರಿಗೆ ಮರಾಠಿ ಮಾತ್ರ ಗೊತ್ತು, ಅಪ್ಪನ ತೊದಲು ಕನ್ನಡ ಅರ್ಥವಾಗುವುದಿಲ್ಲ. ಡೊಂಬಿವಲಿ, ಥಾಣೆ ಕಡೆ ಮನೆಗೆ ಬರುವ ಕನ್ನಡದವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸಂಜೆ ಆದರೂ ಪರವಾಗಿಲ್ಲ.