ಬೈಬಲ್ ಸ್ಟಡಿಗೆ ಜನ ಬರೋದೇ ನಿಂತೋಗಿದೆ, ನಿಮ್ಮ ಸಭೇಲಿ ಏನ್ ಮಾಡ್ತೀರಿ?

ಹಾಸನದಿಂದ ಕೇಳಿದ್ದು:
ಎಲ್ರಿಗೂ ವಂದನೆಗಳು. ನಮ್ದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಲೆಂಟಲ್ಲಿ, ಅಂದ್ರೆ ಈಸ್ಟರ್ ಹಿಂದಿನ ಉಪವಾಸದ ದಿನಗಳಲ್ಲಿ, ಬುಧವಾರದ ಬೈಬಲ್ ಸ್ಟಡಿ ಶುರು ಮಾಡ್ದಾಗ 30 ಜನ ಇದ್ರು, ಈಗ ಅಯ್ಯನೋರು (ಪಾಸ್ಟರ್), ಅವರ ಮನೆಯವರು, ನಾನು, ಇನ್ನಿಬ್ರು. ಬೈಬಲ್‌ನ ರೋಮಾಪುರದವರಿಗೆ ಬರೆದ ಪತ್ರಿಕೆ ಓದ್ತಿದೀವಿ, ಒಟ್ಟು 16 ಅಧ್ಯಾಯ, ಐದು ತಿಂಗಳಾದ್ರೂ ಎಂಟನೇದು ದಾಟಿಲ್ಲ. ಇದರ ಮೇಲೆ ಸಭಾ ಕಮಿಟಿಯವರು ಹೊರಗಿನ ಸೇವೆನೂ ಈ ಗುಂಪೇ ನೋಡ್ಕೊಳ್ಳಿ ಅಂತಿದಾರೆ. ಕ್ರಿಸ್ಮಸ್‌ಗೆ ಕಂಬಳಿ ಹಂಚಿ ಫೋಟೋ ಹೊಡೆಸ್ಕೊಂಡಿದ್ದು ಬಿಟ್ರೆ ನಮಗೇನೂ ಅನುಭವ ಇಲ್ಲ. ನೀವೆಲ್ಲ ಹೇಗೆ ನಡೆಸ್ತೀರಿ ಹೇಳಿ.

ಧಾರವಾಡದಿಂದ:
ಅಣ್ಣಾರ, ಮೊದಲಿಗೇ ರೋಮಾಪುರ ಹಿಡೀಬಾರದ್ರಿ, ಅದು ಕಾಲೇಜ್ ಪಾಠ ಆಗಿಬಿಡ್ತದ. ನಾವೂ ಹಂಗ ಮಾಡಿ ಕೆಟ್ವಿ. ಆಮ್ಯಾಲ ರೂತಳ ಪುಸ್ತಕ ತಗೊಂಡ್ವಿ, ಬರೇ 4 ಅಧ್ಯಾಯ, ನಾಕು ವಾರದಾಗ ಮುಗೀತು. ಎರಡನೇ ಅಧ್ಯಾಯದಾಗ ಹಕ್ಕಲ ಆಯೋದು ಬರ್ತದಲ್ರಿ, ಹಂಗಂದ್ರೇನು ಅಂತ ನಮ್ಮ ಯೂತ್ ಹುಡುಗ್ರು ಒಬ್ಬರ ಮಾರಿ ಒಬ್ಬರು ನೋಡಾಕತ್ರು, ಒಬ್ಬಾಂವ ಮೊಬೈಲ್ ತಗದ. ಮೂಲ್ಯಾಗ ಗ್ವಾಡಿಗೆ ಒರಗಿ ಕುಂತಿದ್ದ ಆಯಿ, ಆಕಿಗೆ ಓದಾಕ ಬರಂಗಿಲ್ಲ, 'ಸುಗ್ಗಿ ಮುಗದ ಮ್ಯಾಲ ಹೊಲದಾಗ ಬಿದ್ದ ತೆನಿ ಆರಿಸ್ಕೊಳ್ಳೋದಪಾ, ನಾ ಮದಿವಿ ಆದ ವರ್ಷ ಅದನ್ನ ಮಾಡೇನಿ, ಉಡಿ ತುಂಬಿದ್ರ ಅವತ್ತ ರೊಟ್ಟಿ' ಅಂದ್ಲು. ಹೊಲದ ಮಾಲಕ ಬೇಕಂತನ ನಾಕು ತೆನಿ ಬಿಟ್ಟು ಹೋಗತಿದ್ನಂತ, ರೂತಳ ಪುಸ್ತಕದಾಗಿನ ಹೊಲದ ಮಾಲಕ ಬೋವಜ ಮಾಡಿಸಿಧಂಗ. ಅವತ್ತು ಪಾಸ್ಟರ್ ಮಾತಾಡಿದ್ದು ಹತ್ತು ನಿಮಿಷ ಅಷ್ಟ. ಮುಂದಿನ ವಾರ ಆಯಿ ಸೊಸಿನ್ನೂ ಬಾಜೂ ಮನಿಯಾಕಿನ್ನೂ ಕರ್ಕೊಂಡು ಬಂದ್ಲು.

ಮಂಗಳೂರಿನಿಂದ:
ನಾವು ಕ್ಯಾಥೊಲಿಕ್, ನಮ್ಮಲ್ಲಿ ಚರ್ಚಿನವರನ್ನು ವಾಡೊ ಅಂತ ಪಾಲು ಮಾಡಿ ಒಂದೊಂದಕ್ಕೂ ಒಬ್ಬ ಗುರ್ಕಾರ, ಅಂದ್ರೆ ಮುಖಂಡ, ಇರ್ತಾರೆ, ಕೂಟ ಮನೆ ಮನೆಯಲ್ಲಿ. ಎಂಟೂವರೆಗೆ ಮುಗಿಸ್ಲೇಬೇಕು. ಮತ್ತೊಂದು, ಚಾ ಬಿಸ್ಕುಟು ಮಾತ್ರ ಅಂತ ಮೊದಲೇ ರೂಲ್ಸ್ ಮಾಡಿ ಮಾರಾಯ್ರೆ. ಒಬ್ಬರು ಪತ್ರೊಡೆ ಮಾಡಿದ್ರೆ ಮುಂದಿನವರು ಕೋರಿರೊಟ್ಟಿ ಮಾಡ್ಬೇಕು ಅಂತ ಆಗ್ತದೆ, ಕೈಯಲ್ಲಿ ಇಲ್ಲದವರು ನಮ್ಮಲ್ಲಿ ಈ ಸಲ ಬೇಡ ಅಂತ ತಪ್ಪಿಸ್ಕೊಳ್ತಾರೆ, ಕೂಟಕ್ಕೂ ಬರೋದಿಲ್ಲ, ನಮಗದು ಗೊತ್ತಾಗ್ಲಿಕ್ಕೆ ವರ್ಷ ಬೇಕಾಯ್ತು. ಸೇವೆ ಕೇಳಿದ್ರೆ, ನಮ್ಮ ವಾಡೊದಲ್ಲಿ ಮಕ್ಕಳು ಗಲ್ಫಿನಲ್ಲಿರುವ ವಯಸ್ಸಾದವರೇ ಜಾಸ್ತಿ, ಅವರಿಗೆ ಹಣ ಬೇಡ, ಆಸ್ಪತ್ರೆಗೆ ಜೊತೆಗೆ ಬಂದು ಚೀಟಿ ಮಾಡಿಸ್ಲಿಕ್ಕೆ ಜನ ಬೇಕು. ಎರಡು ಕಾರು, ಒಂದು ರಿಕ್ಷಾ, ಒಂದು ವಾಟ್ಸಾಪ್ ಗ್ರೂಪ್ ಅಷ್ಟೇ ಉಂಟು. ಪಕ್ಕದ ಮನೆಯ ಬ್ಯಾರಿ (ಮುಸ್ಲಿಂ) ಅಜ್ಜನನ್ನು ಡಯಾಲಿಸಿಸ್‌ಗೆ ಕರ್ಕೊಂಡು ಹೋಗುವುದೂ ಇದೇ ರಿಕ್ಷಾದಲ್ಲಿ.

ಬೆಂಗಳೂರಿನಿಂದ:
ಕಂಬಳಿ ಫೋಟೋ ಅಂದ್ರಲ್ಲ, ಅದಕ್ಕೇ ಬರೀತಿದೀನಿ. ನಮ್ಮ ಸಭೆಯವರು ಟ್ಯೂಷನ್ ಶುರು ಮಾಡಿ ಮಕ್ಕಳಿಗೆ ಕೊಟ್ಟ ನೋಟ್‌ಬುಕ್ ಒಳಗೆ ಕರಪತ್ರ ಇಟ್ಟಿದ್ರು. ಮಾರನೇ ದಿನ ಒಬ್ರು ತಾಯಿ ಪುಸ್ತಕ ವಾಪಸ್ ತಂದು ಟೇಬಲ್ ಮೇಲಿಟ್ಟು 'ಮಗೂಗೆ ಲೆಕ್ಕ ಹೇಳ್ಕೊಡ್ತೀರ ಅಂತ ಕಳ್ಸಿದ್ದು ಸಾರ್' ಅಂದ್ರು. ನಾನೇ ಎದುರಿಗಿದ್ದೆ, ಏನು ಹೇಳ್ಬೇಕೋ ತೋಚ್ಲಿಲ್ಲ. ನಮ್ಮ ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆಯಲ್ಲಿ ಆಮಿಷ ಅನ್ನೋದಕ್ಕೆ ಉಡುಗೊರೆ, ಧಾರ್ಮಿಕ ಸಂಸ್ಥೆಯ ಶಾಲೇಲಿ ಉಚಿತ ಶಿಕ್ಷಣ ಎಲ್ಲಾ ಸೇರಿಸಿದಾರೆ, ಕಮಿಟಿಯವರು ಅದನ್ನೊಂದು ಸಲ ಓದ್ಲಿ. ಆದ್ರೆ ಕಾನೂನು ಇಲ್ದಿದ್ರೂ ಆ ಕರಪತ್ರ ಇಡಬಾರ್ದಿತ್ತು ಅಂತ್ಲೇ ನಾನು ಹೇಳ್ತೀನಿ. ಈಗ ಬರೀ ಲೆಕ್ಕ, ಇಂಗ್ಲಿಷ್. ಆ ತಾಯಿಯ ಮಗಳು ವಾಪಸ್ ಬರ್ಲಿಲ್ಲ, ಅವಳ ತಮ್ಮ ಬರ್ತಾನೆ.

ಹಾಸನದಿಂದ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಹಾಗಾದ್ರೆ ರೂತಳು, ಕಾಫಿ ಬಿಸ್ಕತ್ತು, ಎಂಟೂವರೆಗೆ ಮನೆ. ರೋಮಾಪುರ ಸದ್ಯಕ್ಕೆ ನಿಲ್ಲಿಸೋಣ ಅಂತ ಅಯ್ಯನೋರಿಗೆ ಯಾರು ಹೇಳೋದು ಅನ್ನೋದೊಂದು ಉಳೀತು, ಅವರ ಮನೆಯವರ ಹತ್ರಾನೇ ಹೇಳಿಸ್ಬೇಕು.