ಪ್ರಾದೇಶಿಕ ಶಾಂತಿಪಾಲನಾ ಪಡೆ: ಯೋಧರನ್ನು ಕೊಡುವವರು ಯಾರು, ಖರ್ಚು ಭರಿಸುವವರು ಯಾರು?

ಪ್ರಶ್ನೆ: ಭೂಪಟ

ಸೊಮಾಲಿಯಾದಲ್ಲಿ ಆಫ್ರಿಕನ್ ಒಕ್ಕೂಟವು 2007ರಿಂದ ನಡೆಸುತ್ತಿರುವ ಶಾಂತಿಪಾಲನಾ ಕಾರ್ಯಾಚರಣೆಯ ಬಗ್ಗೆ ಪ್ರಬಂಧವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅಮಿಸೋಮ್ ಎಂಬ ಹೆಸರಿನಲ್ಲಿ ಆರಂಭವಾದದ್ದು 2022ರ ಏಪ್ರಿಲ್‌ನಲ್ಲಿ ಆಟ್ಮಿಸ್ ಆಯಿತು, 2025ರ ಜನವರಿಯಿಂದ ಔಸೋಮ್ ಆಗಿದೆ. ಹೆಸರು ಬದಲಾದರೂ ದೂರು ಬದಲಾಗಿಲ್ಲ: ಯೋಧರು ಸಾಲದು, ಬಂದವರಿಗೆ ಭತ್ಯೆ ಬಾಕಿ, ಮುಂದಿನ ಅವಧಿಯ ಹಣ ಎಲ್ಲಿಂದ ಬರುತ್ತದೆಂಬುದು ಯಾರಿಗೂ ಖಚಿತವಿಲ್ಲ.

ನನಗೆ ಅರ್ಥವಾಗದಿರುವುದು ಇಷ್ಟು. 2007ರ ಜನವರಿಯಲ್ಲಿ ಒಕ್ಕೂಟ ತೀರ್ಮಾನ ಕೈಗೊಂಡಿತು, ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1744ನೇ ನಿರ್ಣಯದ ಮೂಲಕ ಅನುಮತಿ ಕೊಟ್ಟಿತು, ಸುಮಾರು 8,000 ಯೋಧರ ಪಡೆ ಎಂದು ಕಾಗದದ ಮೇಲೆ ನಿಗದಿಯೂ ಆಯಿತು. ಹಾಗಿದ್ದೂ ಆ ವರ್ಷದ ಬಹುಪಾಲು ರಾಜಧಾನಿ ಮೊಗದಿಶುವಿನಲ್ಲಿದ್ದದ್ದು ಉಗಾಂಡಾದ ಪಡೆಯೊಂದೇ. ಬುರುಂಡಿಯ ಮೊದಲ ತಂಡ ಬಂದದ್ದು ಡಿಸೆಂಬರ್‌ನಲ್ಲಿ. ಅನುಮತಿಯೂ ಸಂಖ್ಯೆಯೂ ಇದ್ದ ಮೇಲೆ ಯೋಧರು ಏಕೆ ಬರಲಿಲ್ಲ? ಒಕ್ಕೂಟದ ಕಾರ್ಯಾಚರಣೆ ಎಂದ ಮೇಲೆ ಅದರ ಖರ್ಚನ್ನು ಒಕ್ಕೂಟವೇ ಏಕೆ ಭರಿಸುವುದಿಲ್ಲ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ದಂಡಿನ ಹಾದಿ

ಭೂಪಟ ಅವರೇ, ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಹಣದ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಭದ್ರತಾ ಮಂಡಳಿಯ ನಿರ್ಣಯದಿಂದ ಸಿಗುವುದು ಕಾನೂನಿನ ಬಲ ಮಾತ್ರ. ಪ್ರಾದೇಶಿಕ ಸಂಘಟನೆಯೊಂದು ಬಲಪ್ರಯೋಗಕ್ಕೆ ಇಳಿಯಬೇಕಾದರೆ ಮಂಡಳಿಯ ಒಪ್ಪಿಗೆ ಬೇಕೆಂದು ವಿಶ್ವಸಂಸ್ಥೆಯ ಸನ್ನದಿನ 53ನೇ ವಿಧಿ ಹೇಳುತ್ತದೆ. ಆ ಒಪ್ಪಿಗೆ 1744ನೇ ನಿರ್ಣಯದಲ್ಲಿ ಸಿಕ್ಕಿತು. ಆದರೆ ವಿಶ್ವಸಂಸ್ಥೆಗಾಗಲಿ ಒಕ್ಕೂಟಕ್ಕಾಗಲಿ ಸ್ವಂತ ಸೈನ್ಯವಿಲ್ಲದ ಕಾರಣ, ಯಾವುದಾದರೂ ಸರ್ಕಾರ ತನ್ನ ಬೆಟಾಲಿಯನ್ನನ್ನು ತನ್ನ ಅಧಿಕಾರಿಗಳು, ಬಂದೂಕುಗಳು ಮತ್ತು ವಾಹನಗಳ ಸಮೇತ ಕಳುಹಿಸಲು ಒಪ್ಪುವ ತನಕ ನಿರ್ಣಯದಲ್ಲಿರುವ ಸಂಖ್ಯೆಗೆ ಅರ್ಥವಿರುವುದಿಲ್ಲ. 2007ರಲ್ಲಿ ನೈಜೀರಿಯಾ, ಘಾನಾ, ಮಲಾವಿ ಮಾತು ಕೊಟ್ಟಿದ್ದವು. ಅವುಗಳ ಬೆಟಾಲಿಯನ್‌ಗಳು ಬರಲೇ ಇಲ್ಲ. ಅದರಲ್ಲಿ ಆಶ್ಚರ್ಯಪಡುವಂಥದ್ದೂ ಇರಲಿಲ್ಲ: ಇಥಿಯೋಪಿಯಾದ ಸೈನ್ಯ ಆಗಷ್ಟೇ ಮೊಗದಿಶುವನ್ನು ಪ್ರವೇಶಿಸಿತ್ತು, ಕಾಪಾಡಲು ಶಾಂತಿ ಎಂಬುದೇ ಅಲ್ಲಿರಲಿಲ್ಲ, ಮಾರ್ಚ್‌ನಲ್ಲಿ ಉಗಾಂಡಾದ ಮೊದಲ ತಂಡ ಬಂದಿಳಿದ ದಿನವೇ ವಿಮಾನ ನಿಲ್ದಾಣದ ಮೇಲೆ ಮಾರ್ಟರ್ ದಾಳಿ ನಡೆಯಿತು. ಭತ್ಯೆ ಯಾರು ಕೊಡುತ್ತಾರೆಂಬುದು ತಿಳಿಯದೆ ಇಂಥ ಊರಿಗೆ ತಮ್ಮ ಮಕ್ಕಳನ್ನು ಕಳುಹಿಸಲು ಎಷ್ಟು ಸಂಸತ್ತುಗಳು ಒಪ್ಪಿಯಾವು?

ಇದಕ್ಕೆ ಸೇರಿದ ಇನ್ನೊಂದು ಸಂಗತಿಯನ್ನು ನಿಮ್ಮ ಪ್ರಬಂಧದಲ್ಲಿ ಬಿಡಬೇಡಿ. 2006ರ ಡಿಸೆಂಬರ್‌ನ 1725ನೇ ನಿರ್ಣಯವು ಸೊಮಾಲಿಯಾದ ಗಡಿಗೆ ಹೊಂದಿಕೊಂಡಿರುವ ದೇಶಗಳು ಪಡೆ ಕಳುಹಿಸಬಾರದೆಂಬ ಷರತ್ತಿಗೆ ಸಮ್ಮತಿಸಿತ್ತು. ನೆರೆಯವರಿಗೆ ತಮ್ಮದೇ ಲೆಕ್ಕಾಚಾರಗಳಿರುತ್ತವೆ ಎಂಬ ಸಕಾರಣವಾದ ಅನುಮಾನ ಅದರ ಹಿಂದಿತ್ತು. ಮುಂದೆ ಆದದ್ದು ನೋಡಿ: 2011ರ ಕೊನೆಯಲ್ಲಿ ಜಿಬೂಟಿ ಸೇರಿತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ತಾನಾಗಿಯೇ ಗಡಿ ದಾಟಿದ್ದ ಕೀನ್ಯಾದ ಸೈನ್ಯ 2012ರಲ್ಲಿ ಒಕ್ಕೂಟದ ಬ್ಯಾಡ್ಜ್ ಧರಿಸಿತು, 2014ರ ಜನವರಿಯಲ್ಲಿ ಇಥಿಯೋಪಿಯಾವೂ ಒಳಬಂತು. ಉಗಾಂಡಾ, ಬುರುಂಡಿ ಬಿಟ್ಟರೆ ದೂರದ ದೇಶಗಳ ಪೈಕಿ ಆಗ ಬೆಟಾಲಿಯನ್ ಕಳುಹಿಸಿದ್ದು ಸಿಯೆರಾ ಲಿಯೋನ್ ಒಂದೇ, ಅದೂ ಸ್ವಲ್ಪ ಕಾಲ. ಹೊರಗಿಡಬೇಕೆಂದುಕೊಂಡಿದ್ದ ಮೂರೂ ದೇಶಗಳು ಏಳು ವರ್ಷಗಳಲ್ಲಿ ಪಡೆಯ ಆಧಾರಸ್ತಂಭಗಳಾದವು.

ಇದರ ಪರಿಣಾಮ ನಿಯೋಜನೆಯ ಮೇಲೂ ಆಯಿತು. ದೇಶವನ್ನು ವಿಭಾಗಗಳಾಗಿ ಹಂಚಿ ಒಂದೊಂದನ್ನು ಒಂದೊಂದು ಸೈನ್ಯಕ್ಕೆ ವಹಿಸಲಾಯಿತು. ಮೊಗದಿಶು ಮತ್ತು ಕೆಳ ಶಬೆಲ್ಲೆ ಉಗಾಂಡಾಕ್ಕೆ, ಕೀನ್ಯಾದ ಗಡಿಗೆ ಅಂಟಿದ ದಕ್ಷಿಣ ಭಾಗ ಕೀನ್ಯಾಕ್ಕೆ, ಬೆಲೆದ್‌ವೆಯ್ನ್ ಸುತ್ತಲಿನ ಪ್ರದೇಶ ಜಿಬೂಟಿಗೆ. ಮೊಗದಿಶುವಿನಲ್ಲಿರುವ ಪಡೆಯ ದಂಡನಾಯಕ ಹೆಸರಿಗೆ ಎಲ್ಲರ ಮೇಲಧಿಕಾರಿ. ನಿಜವಾದ ಆಜ್ಞೆ ಬರುತ್ತಿದ್ದುದು ಕಂಪಾಲಾ, ನೈರೋಬಿ, ಅಡಿಸ್ ಅಬಾಬಾಗಳಿಂದ. 2016ರ ಜನವರಿಯಲ್ಲಿ ಎಲ್ ಅಡ್ಡೆಯ ಕೀನ್ಯಾ ಶಿಬಿರದ ಮೇಲೆ ಸೊಮಾಲಿಯಾದ ಇಸ್ಲಾಮಿ ಉಗ್ರಗಾಮಿ ಸಂಘಟನೆ ಅಲ್ ಶಬಾಬ್ ದಾಳಿ ಮಾಡಿದಾಗ ಒಂಟಿಯಾಗಿದ್ದ ಆ ನೆಲೆಗೆ ಹೊತ್ತಿಗೆ ಸರಿಯಾಗಿ ನೆರವು ತಲುಪಲಿಲ್ಲ.

ಉತ್ತರ: ಲೆಕ್ಕಪತ್ರ

ಖರ್ಚಿನ ವಿಷಯದಲ್ಲಿ ಎಲ್ಲರೂ ಎಡವುವುದು 'ಕಾರ್ಯಾಚರಣೆಯ ಬಜೆಟ್' ಎಂಬ ಒಂದೇ ಮೊತ್ತ ಎಲ್ಲೋ ಇದೆ ಎಂದುಕೊಳ್ಳುವಲ್ಲಿ. ಅಂಥದ್ದೊಂದು ಇರಲಿಲ್ಲ. ಹಣ ಕನಿಷ್ಠ ಮೂರು ಬೇರೆ ಬೇರೆ ಚೀಲಗಳಿಂದ, ಮೂರು ಬೇರೆ ನಿಯಮಗಳಡಿ ಬರುತ್ತಿತ್ತು.

ಯೋಧನ ಮಾಸಿಕ ಭತ್ಯೆಯನ್ನು ಕೊಡುತ್ತಿದ್ದುದು ಐರೋಪ್ಯ ಒಕ್ಕೂಟ, 2004ರಲ್ಲಿ ಸ್ಥಾಪಿಸಿದ ಆಫ್ರಿಕಾ ಶಾಂತಿ ನಿಧಿಯಿಂದ. ತಲೆಗೆ ತಿಂಗಳಿಗೆ 1,028 ಡಾಲರ್, ಅಂದರೆ ಆ ಕಾಲದಲ್ಲಿ ವಿಶ್ವಸಂಸ್ಥೆ ತನ್ನ ಪಡೆಗಳಿಗಾಗಿ ಸರ್ಕಾರಗಳಿಗೆ ತುಂಬಿಕೊಡುತ್ತಿದ್ದಷ್ಟೇ ಮೊತ್ತ. ಈ ಹಣ ಬ್ರಸೆಲ್ಸ್‌ನಿಂದ ಅಡಿಸ್ ಅಬಾಬಾದಲ್ಲಿರುವ ಆಫ್ರಿಕನ್ ಒಕ್ಕೂಟದ ಕಚೇರಿಗೆ, ಅಲ್ಲಿಂದ ಆಯಾ ಸರ್ಕಾರಕ್ಕೆ, ಸರ್ಕಾರ ತನ್ನ ಪಾಲನ್ನು ಹಿಡಿದುಕೊಂಡ ಮೇಲೆ ಯೋಧನಿಗೆ ತಲುಪುತ್ತಿತ್ತು. ಹಿಂದಿನ ಕಂತಿನ ಲೆಕ್ಕ ಒಪ್ಪಿಗೆಯಾಗದೆ ಮುಂದಿನದು ಬಿಡುಗಡೆಯಾಗದ ಕಾರಣ ತಿಂಗಳುಗಟ್ಟಲೆ ತಡವಾಗುವುದು ಮಾಮೂಲಾಗಿತ್ತು. 2016ರ ಜನವರಿಯಿಂದ ಐರೋಪ್ಯ ಒಕ್ಕೂಟ ಇದರಲ್ಲಿ ಶೇ. 20 ಕಡಿತ ಮಾಡಿತು, ಮೊತ್ತ ಸುಮಾರು 822 ಡಾಲರ್‌ಗೆ ಇಳಿಯಿತು. ಉಳಿದದ್ದನ್ನು ಬೇರೆ ದಾನಿಗಳು ತುಂಬಲಿ ಎಂಬುದು ಅದರ ವಾದ. ಯಾರೂ ತುಂಬಲಿಲ್ಲ. ಅದೇ ಹೊತ್ತಿಗೆ ಬುರುಂಡಿ ಸರ್ಕಾರದ ಮೇಲೆ ನಿರ್ಬಂಧ ಹೇರಿದ್ದ ಐರೋಪ್ಯ ಒಕ್ಕೂಟ, ಆ ಸರ್ಕಾರದ ಖಜಾನೆಯ ಮೂಲಕ ದುಡ್ಡು ಹೋಗುವುದು ಬೇಡವೆಂದಿತು; ಬುರುಂಡಿ ಪಡೆ ಹಿಂತೆಗೆಯುವ ಬೆದರಿಕೆ ಹಾಕಿತು; ಕೊನೆಗೆ 2017ರಲ್ಲಿ ವಾಣಿಜ್ಯ ಬ್ಯಾಂಕಿನ ಮೂಲಕ ಪಾವತಿಸುವ ರಾಜಿಯಾಯಿತು.

ಆಫ್ರಿಕಾ ಶಾಂತಿ ನಿಧಿಯ ಹಣ ಐರೋಪ್ಯ ಅಭಿವೃದ್ಧಿ ನಿಧಿಯಿಂದ ಬರುತ್ತಿದ್ದುದರಿಂದ ಅದರಲ್ಲಿ ಒಂದು ಗುಂಡನ್ನೂ ಕೊಳ್ಳುವಂತಿರಲಿಲ್ಲ ಎಂಬುದನ್ನೂ ಗಮನಿಸಿ. ಶಸ್ತ್ರಸಜ್ಜಿತ ವಾಹನಗಳು ಮತ್ತು ತರಬೇತಿ ಅಮೆರಿಕ, ಬ್ರಿಟನ್‌ನಂಥ ದೇಶಗಳು ನೇರವಾಗಿ ಆಯಾ ಸೈನ್ಯದೊಂದಿಗೆ ಮಾಡಿಕೊಂಡ ಒಪ್ಪಂದಗಳಿಂದ ಬಂದವು, ಅಂದರೆ ದಂಡನಾಯಕನ ಕೈಗಲ್ಲ, ರಾಜಧಾನಿಗಳ ಕೈಗೆ.

ಮೂರನೆಯದು ಸರಬರಾಜು. ಇದು ಮಾತ್ರ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳೆಲ್ಲ ಕಡ್ಡಾಯವಾಗಿ ಕೊಡಬೇಕಾದ ವಂತಿಗೆಯಿಂದ ಬರುತ್ತದೆ. 2009ರಲ್ಲಿ ಇದಕ್ಕೆಂದೇ ಒಂದು ಕಚೇರಿ ತೆರೆಯಲಾಯಿತು, 2015ರಿಂದ ಅದು ವಿಶ್ವಸಂಸ್ಥೆಯ ಸೊಮಾಲಿಯಾ ಬೆಂಬಲ ಕಚೇರಿ ಎಂದಾಯಿತು. ಆಹಾರ, ಇಂಧನ, ನೀರು, ಆಸ್ಪತ್ರೆ, ಗಾಯಾಳುಗಳ ವಿಮಾನ ಸಾಗಣೆ ಎಲ್ಲ ಅದರದ್ದು. ಹದಿನೆಂಟು ವರ್ಷಗಳಲ್ಲಿ ಹೆಚ್ಚು ಏರುಪೇರಿಲ್ಲದೆ ಬಂದ ಹಣವೆಂದರೆ ಇದೊಂದೇ.

ಉತ್ತರ: ಉಗ್ರಾಣ

ಸರಬರಾಜಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇಂಥ ಚರ್ಚೆಗಳಲ್ಲಿ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. 2009ರ ಏಪ್ರಿಲ್‌ನಿಂದ 2010ರ ಮೇ ತನಕ ಮೊಗದಿಶುವಿನಲ್ಲಿದ್ದ ಒಕ್ಕೂಟದ 241 ಯೋಧರಿಗೆ ಕಾಲು ಊದಿಕೊಂಡು ಉಸಿರಾಟ ಕಷ್ಟವಾಗುವಂಥ ಕಾಯಿಲೆ ಬಂತು. ಹಲವರನ್ನು ನೈರೋಬಿ ಮತ್ತು ಕಂಪಾಲಾಕ್ಕೆ ವಿಮಾನದಲ್ಲಿ ಸಾಗಿಸಬೇಕಾಯಿತು, ನಾಲ್ವರು ಸತ್ತರು. ಮೊದಲಿಗೆ ಸೋಂಕು ರೋಗವೆಂದೇ ಶಂಕಿಸಿದ್ದರು. ತನಿಖೆಯಾದ ಮೇಲೆ ತಿಳಿದದ್ದು ಬೆರಿಬೆರಿ ಎಂದು. ಊಟದಲ್ಲಿ ಬಿ1 ಜೀವಸತ್ವದ ಕೊರತೆ. ಆ ಜೀವಸತ್ವ ಕೊಟ್ಟ ಕೂಡಲೇ ರೋಗಿಗಳು ಚೇತರಿಸಿಕೊಂಡರು. ಮುತ್ತಿಗೆಯಲ್ಲಿರುವ ಊರಿನಲ್ಲಿ ಶತ್ರುವಿನ ಗುಂಡಿಗೆ ಎದೆಯೊಡ್ಡಿದ ಪಡೆಯನ್ನು ಊಟದ ಪಟ್ಟಿಯೇ ಮಲಗಿಸಿತು.

ಇನ್ನೊಂದು ವ್ಯತ್ಯಾಸ ಉಪಕರಣಗಳದ್ದು. ವಿಶ್ವಸಂಸ್ಥೆಯ ಸ್ವಂತ ಪಡೆಗಳಲ್ಲಿ ಒಂದು ದೇಶ ತಂದ ಪ್ರತಿ ಟ್ರಕ್, ಜನರೇಟರ್, ಆಂಬುಲೆನ್ಸ್‌ಗೂ ವಿಶ್ವಸಂಸ್ಥೆ ಆ ದೇಶಕ್ಕೆ ತಿಂಗಳ ಬಾಡಿಗೆ ಕೊಡುತ್ತದೆ. ತಪಾಸಣಾ ತಂಡ ಮೂರು ತಿಂಗಳಿಗೊಮ್ಮೆ ಬಂದು ಗಾಡಿ ಸ್ಟಾರ್ಟ್ ಮಾಡಿಸಿ ನೋಡುತ್ತದೆ, ಕೆಟ್ಟು ನಿಂತಿದ್ದರೆ ಬಾಡಿಗೆ ಕಡಿತ. ಅಮಿಸೋಮ್‌ಗೆ ಈ ಸೌಲಭ್ಯ ಸಿಕ್ಕಿದ್ದು 2012ರ 2036ನೇ ನಿರ್ಣಯದ ನಂತರ, ಯೋಧರ ಮಿತಿಯನ್ನು 17,731ಕ್ಕೆ ಏರಿಸಿದಾಗ. ಅದೇ ನಿರ್ಣಯ 12 ಹೆಲಿಕಾಪ್ಟರ್‌ಗಳಿಗೂ ಅವಕಾಶ ಕೊಟ್ಟಿತು. ಆ ಆಗಸ್ಟ್‌ನಲ್ಲಿ ಉಗಾಂಡಾ ಕಳುಹಿಸಿದ ನಾಲ್ಕು ಹೆಲಿಕಾಪ್ಟರ್‌ಗಳಲ್ಲಿ ಮೂರು ಸೊಮಾಲಿಯಾ ತಲುಪುವ ಮೊದಲೇ ಮೌಂಟ್ ಕೀನ್ಯಾದಲ್ಲಿ ಅಪಘಾತಕ್ಕೀಡಾದವು. ಬದಲಿಗೆ ಕಳುಹಿಸಲು ಬೇರೆ ದೇಶಗಳು ಬಹುಕಾಲ ಮುಂದೆ ಬರಲಿಲ್ಲ.

ಮರುಪ್ರಶ್ನೆ: ಭೂಪಟ

ಮೂವರಿಗೂ ಧನ್ಯವಾದಗಳು. ಹಾಗಾದರೆ ಆಫ್ರಿಕನ್ ಒಕ್ಕೂಟದ ಸ್ವಂತ ಶಾಂತಿ ನಿಧಿ ಎಂದು ಓದಿದ್ದೇನಲ್ಲ, ಅದು ಏನಾಯಿತು? 2023ರಲ್ಲಿ ವಿಶ್ವಸಂಸ್ಥೆಯೇ ಖರ್ಚಿನ ದೊಡ್ಡ ಪಾಲು ವಹಿಸಿಕೊಳ್ಳಲು ಒಪ್ಪಿತೆಂಬ ಸುದ್ದಿಯೂ ಇದೆ.

ಉತ್ತರ: ಲೆಕ್ಕಪತ್ರ

ಎರಡೂ ನಿಜ, ಎರಡೂ ಸಾಲಲಿಲ್ಲ. 2016ರ ಜುಲೈನಲ್ಲಿ ಕಿಗಾಲಿಯ ಶೃಂಗಸಭೆಯಲ್ಲಿ, ಹೊರಖಂಡದಿಂದ ಆಮದಾಗುವ ನಿಗದಿತ ಸರಕುಗಳ ಮೇಲೆ ಶೇ. 0.2 ಸುಂಕ ಹಾಕಿ ಒಕ್ಕೂಟಕ್ಕೆ ಕೊಡಬೇಕೆಂದು ಸದಸ್ಯ ರಾಷ್ಟ್ರಗಳು ತೀರ್ಮಾನಿಸಿದವು. ಕೆಲವು ಜಾರಿಗೆ ತಂದವು, ಕೆಲವು ವಿಶ್ವ ವ್ಯಾಪಾರ ಸಂಘಟನೆಯ ನಿಯಮಗಳತ್ತ ಬೆರಳು ತೋರಿಸಿ ಸುಮ್ಮನಾದವು. ಶಾಂತಿ ನಿಧಿಯ ಗುರಿ 40 ಕೋಟಿ ಡಾಲರ್. ಸೊಮಾಲಿಯಾ ಬೆಂಬಲ ಕಚೇರಿಯೊಂದರ ವಾರ್ಷಿಕ ಖರ್ಚೇ 50 ಕೋಟಿ ಡಾಲರ್ ಆಸುಪಾಸಿನಲ್ಲಿತ್ತೆಂದ ಮೇಲೆ, ವರ್ಷಗಳ ಕಾಲ ಕೂಡಿಟ್ಟ ಇಡೀ ನಿಧಿ ಒಂದು ಕಾರ್ಯಾಚರಣೆಯ ಒಂದು ವರ್ಷದ ಊಟ, ಇಂಧನ, ಔಷಧಿಗೂ ಸಾಲದು.

ಇನ್ನು 2023ರ ಡಿಸೆಂಬರ್ 21ರ 2719ನೇ ನಿರ್ಣಯ. ಒಕ್ಕೂಟ ಮುನ್ನಡೆಸುವ ಕಾರ್ಯಾಚರಣೆಯ ಖರ್ಚಿನ ಶೇ. 75ರ ತನಕ ವಿಶ್ವಸಂಸ್ಥೆಯ ಕಡ್ಡಾಯ ವಂತಿಗೆಯಿಂದ ಕೊಡಬಹುದು ಎಂದು ಅದು ಹೇಳುತ್ತದೆ. ಆದರೆ ಒಂದೊಂದು ಸಂದರ್ಭಕ್ಕೂ ಮಂಡಳಿ ಪ್ರತ್ಯೇಕವಾಗಿ ಒಪ್ಪಬೇಕು, ಉಳಿದ ಪಾಲು ಮತ್ತೆ ದೇಣಿಗೆಯೇ. ಔಸೋಮ್‌ಗೆ ಅದನ್ನು 2025ರ ಜುಲೈನಿಂದ ಅನ್ವಯಿಸುವ ದಾರಿಯನ್ನು 2767ನೇ ನಿರ್ಣಯ ತೆರೆದಿಟ್ಟಿತು. 2025ರ ಮೇ ತಿಂಗಳಲ್ಲಿ ಬೇಕಿದ್ದ ಮಂಡಳಿಯ ದೃಢೀಕರಣ ಬರಲಿಲ್ಲ. ಶಾಂತಿಪಾಲನಾ ವಂತಿಗೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹೊರುವ ಅಮೆರಿಕ, ಸೊಮಾಲಿಯಾ ಇದಕ್ಕೆ ತಕ್ಕ ಸಂದರ್ಭವಲ್ಲವೆಂದು ಪಟ್ಟುಹಿಡಿದಿತ್ತು. ಹೀಗಾಗಿ ಔಸೋಮ್ ಸಾಲದ ಹೊರೆಯೊಂದಿಗೇ ಹುಟ್ಟಿತು, ಆಟ್ಮಿಸ್ ಬಿಟ್ಟುಹೋದ ಬಾಕಿಯೂ ಅದರ ಲೆಕ್ಕಕ್ಕೇ ಸೇರಿತು.

ಉತ್ತರ: ಎದುರುಮಾತು

ಎಲ್ಲಕ್ಕೂ ಹಣದ ಕೊರತೆಯೇ ಕಾರಣವೆಂಬ ಧಾಟಿಯನ್ನು ನಾನು ಒಪ್ಪಲಾರೆ. ಮೊಜಾಂಬಿಕ್‌ನ ಕಾಬೊ ದೆಲ್ಗಾದೊ ಪ್ರಾಂತ್ಯವನ್ನು ನೋಡಿ. 2021ರ ಜುಲೈನಲ್ಲಿ ಅಲ್ಲಿಗೆ ಎರಡು ಪಡೆಗಳು ಹೋದವು. ಒಂದು ದಕ್ಷಿಣ ಆಫ್ರಿಕಾ ಅಭಿವೃದ್ಧಿ ಸಮುದಾಯದ್ದು, ಹಲವು ದೇಶಗಳು ಸೇರಿ ತಮ್ಮ ಖರ್ಚಿನಲ್ಲೇ ಕಟ್ಟಿದ್ದು. ಇನ್ನೊಂದು ಮೊಜಾಂಬಿಕ್ ಸರ್ಕಾರದೊಂದಿಗಿನ ಒಪ್ಪಂದದ ಮೇರೆಗೆ ರುವಾಂಡಾ ಒಂದೇ ಕಳುಹಿಸಿದ ಸುಮಾರು 1,000 ಜನರ ಪಡೆ. ಅಗಸ್ಟ್ ಎರಡನೇ ವಾರದೊಳಗೆ ರುವಾಂಡಾದವರು ಮೊಜಾಂಬಿಕ್ ಸೈನ್ಯದೊಂದಿಗೆ ಸೇರಿ ಬಂಡುಕೋರರ ಕೈಯಲ್ಲಿದ್ದ ಮೊಸಿಂಬೊವಾ ದ ಪ್ರಾಯಿಯಾ ಬಂದರು ಪಟ್ಟಣವನ್ನು ವಶಪಡಿಸಿಕೊಂಡರು. ಪ್ರಾದೇಶಿಕ ಪಡೆ 2024ರ ಜುಲೈ ಹೊತ್ತಿಗೆ ಮನೆಗೆ ಮರಳಿತು, ರುವಾಂಡಾ ಉಳಿಯಿತು. ಒಂದೇ ರಾಜಧಾನಿಯಿಂದ ಆಜ್ಞೆ ಬರುವುದಕ್ಕೂ ಹಲವು ರಾಜಧಾನಿಗಳ ಒಮ್ಮತಕ್ಕೆ ಕಾಯುವುದಕ್ಕೂ ಇರುವ ಅಂತರ ಇದು.

ಪೂರ್ವ ಕಾಂಗೋದಲ್ಲಂತೂ ಖರ್ಚನ್ನು ಸ್ವತಃ ಭರಿಸಿದವರೂ ನಿಲ್ಲಲಾಗಲಿಲ್ಲ. ಪೂರ್ವ ಆಫ್ರಿಕಾ ಸಮುದಾಯದ ಪಡೆ ಎಂ23 ಬಂಡುಕೋರರೊಂದಿಗೆ ಕಾದಾಡುತ್ತಿಲ್ಲವೆಂದು ಸಿಟ್ಟಾದ ಕಾಂಗೋ ಸರ್ಕಾರ ಒಪ್ಪಿಗೆಯನ್ನು ಮುಂದುವರಿಸದೆ 2023ರ ಡಿಸೆಂಬರ್‌ನಲ್ಲಿ ಕಳಿಸಿಬಿಟ್ಟಿತು. ಅದರ ಜಾಗಕ್ಕೆ ಬಂದ ದಕ್ಷಿಣ ಆಫ್ರಿಕಾ, ಮಲಾವಿ, ತಾಂಜಾನಿಯಾಗಳ ಪಡೆ 2025ರ ಜನವರಿಯಲ್ಲಿ ಗೋಮಾ ನಗರ ಎಂ23 ಕೈಸೇರಿದಾಗ ಹಲವರನ್ನು ಕಳೆದುಕೊಂಡಿತು, ಮಾರ್ಚ್‌ನಲ್ಲಿ ಅದನ್ನೂ ಕೊನೆಗೊಳಿಸಿದರು.

ಉತ್ತರ: ದಂಡಿನ ಹಾದಿ

ಎದುರುಮಾತು ಅವರ ಉದಾಹರಣೆ ಸರಿ, ತೀರ್ಮಾನ ಪೂರ್ತಿ ಸರಿಯಲ್ಲ. ರುವಾಂಡಾಕ್ಕೂ 2022ರ ಡಿಸೆಂಬರ್‌ನಲ್ಲಿ ಐರೋಪ್ಯ ಒಕ್ಕೂಟ 2 ಕೋಟಿ ಯೂರೊ, 2024ರ ನವೆಂಬರ್‌ನಲ್ಲಿ ಮತ್ತೆ ಅಷ್ಟೇ ಕೊಟ್ಟಿತು. ಹಣ ಮೊದಲು ಬಂತೋ ಆಮೇಲೆ ಬಂತೋ ಎಂಬುದಷ್ಟೇ ವ್ಯತ್ಯಾಸ. ಹಣ ಖಚಿತವಿಲ್ಲದಿದ್ದಾಗ ತನ್ನದೇ ಕಾರಣವಿದ್ದ ದೇಶ ಮಾತ್ರ ಮೊದಲು ಹೊರಡುತ್ತದೆ, ಆ ಕಾರಣವನ್ನು ಜೊತೆಗೇ ಒಯ್ಯುತ್ತದೆ ಎಂಬುದು ನನ್ನ ವಾದ. 1990ರಲ್ಲಿ ಲೈಬೀರಿಯಾಕ್ಕೆ ಹೋದ ಪಶ್ಚಿಮ ಆಫ್ರಿಕಾದ ಪಡೆಯಲ್ಲಿ ಯೋಧರೂ ಖರ್ಚೂ ಬಹುಪಾಲು ನೈಜೀರಿಯಾದ್ದಾಗಿತ್ತು, ಆಜ್ಞೆಯೂ ಬಹುಮಟ್ಟಿಗೆ ಅದರದ್ದೇ ಆಗಿತ್ತು.

ಭೂಪಟ ಅವರು ಔಸೋಮ್‌ಗೆ ಪಡೆ ಕೊಡುವ ದೇಶಗಳ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು ನೋಡಬಹುದು. ನಿಗದಿಯಾದ ಸಂಖ್ಯೆ 11,826, ಅದರಲ್ಲಿ 680 ಪೊಲೀಸರು. 2007ರಿಂದ ಇದ್ದ ಬುರುಂಡಿ, ತನಗೆ ಎಷ್ಟು ಸ್ಥಾನ ಎಂಬ ವಿಷಯದಲ್ಲಿ ಸೊಮಾಲಿಯಾ ಸರ್ಕಾರದೊಂದಿಗೆ ಒಮ್ಮತಕ್ಕೆ ಬಾರದೆ ಹೊರನಡೆಯಿತು. ಹೊಸದಾಗಿ ಬಂದದ್ದು ಈಜಿಪ್ಟ್, ನೈಲ್ ನದಿಯ ಅಣೆಕಟ್ಟಿನ ವಿಷಯದಲ್ಲಿ ಇಥಿಯೋಪಿಯಾದೊಂದಿಗೆ ವರ್ಷಗಳಿಂದ ಜಟಾಪಟಿ ನಡೆಸುತ್ತಿರುವ ದೇಶ. ಇಥಿಯೋಪಿಯಾವೂ ಅದೇ ಪಟ್ಟಿಯಲ್ಲಿದೆ. ಭತ್ಯೆ ಯಾರು ಕೊಡುತ್ತಾರೆಂಬುದು ತೀರ್ಮಾನವಾಗುವ ಮೊದಲೇ ಕೈರೋ ಮುಂದೆ ಬಂದಿತ್ತು.