ಸ್ಪ್ಲಿಟರ್‌ಗೆ ‘ಕವಲು’ ಎಂದರೆ ಒಪ್ಪುತ್ತದೆಯೇ? ಡಿಬಿಗೆ ಏನನ್ನೋಣ?

ಗೆಳೆಯರೇ, ಎರಡು ಪದಗಳ ವಿಚಾರದಲ್ಲಿ ನಿಮ್ಮ ಸಹಾಯ ಬೇಕು.

ವೈರಿಂಗ್ ಕೆಲಸ, ಫೈಬರ್ ಕೆಲಸ ಎರಡನ್ನೂ ಕಲಿಯುವ ಹುಡುಗರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ಡಿಸ್ಟ್ರಿಬ್ಯೂಷನ್ ಬಾಕ್ಸ್ (ಡಿಬಿ) ಎಂಬುದಕ್ಕೆ, ಮನೆಯ ಗೋಡೆಯ ಮೇಲಿನ ಕರೆಂಟಿನದಿರಲಿ, ಕಂಬದ ಮೇಲಿನ ಫೈಬರಿನದಿರಲಿ, ಎಲ್ಲ ಕಡೆ ‘ವಿತರಣಾ ಪೆಟ್ಟಿಗೆ’ ಎಂದೂ, ಒಂದು ಫೈಬರ್ ಎಳೆಯ ಬೆಳಕನ್ನು ಹಲವು ಎಳೆಗಳಿಗೆ ಕಳಿಸುವ ಸ್ಪ್ಲಿಟರ್‌ಗೆ ‘ವಿಭಾಜಕ’ ಎಂದೂ ಹಾಕಿದ್ದೆ. ನಿಘಂಟು ನೋಡಿದರೆ ತಪ್ಪಿಲ್ಲ. ಆದರೆ ಕರಡು ಓದಿಕೊಂಡು ಬಂದ ಹುಡುಗನೊಬ್ಬ ಕಂಬದ ಮೇಲಿನ ಫೈಬರ್ ಬಾಕ್ಸ್ ತೆರೆದು, ಒಳಗೆಲ್ಲ ಹುಡುಕಿ, “ಸಾರ್, ಈ ವಿಭಾಜಕಕ್ಕೆ ಕರೆಂಟ್ ಎಲ್ಲಿಂದ ಕೊಡೋದು?” ಎಂದು ಕೇಳಿದ. ಅವನದೇನೂ ತಪ್ಪಿಲ್ಲ. ಹಿಂದಿನ ಪಾಠದ ‘ವಿತರಣಾ ಪೆಟ್ಟಿಗೆ’ಯಲ್ಲಿ ಫೇಸ್, ನ್ಯೂಟ್ರಲ್, ಎಂಸಿಬಿ (ಶಾರ್ಟ್ ಆದರೆ ತಾನೇ ಬೀಳುವ ಸ್ವಿಚ್ಚು) ಎಲ್ಲ ಇದ್ದವು. ಹೆಸರು ಅದೇ ಆದ ಮೇಲೆ ಒಳಗಿರುವುದೂ ಅದೇ ಅಂದುಕೊಂಡ.

ಫೈಬರ್ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ನಾವು ಅಂದು ನೋಡಿದ್ದು ಕಿರುಬೆರಳಿನ ಉದ್ದದ ಒಂದು ಲೋಹದ ತುಂಡು. ಈ ಕಡೆಯಿಂದ ಒಂದು ಎಳೆ ಒಳಗೆ, ಆ ಕಡೆಯಿಂದ ಎಂಟು ಎಳೆ ಹೊರಗೆ, ಒಂದೊಂದರ ತುದಿಗೂ ಹಸಿರು ಕನೆಕ್ಟರ್. ಅಷ್ಟೇ. ಬೆಳಕು ಅಳೆಯುವ ಪವರ್ ಮೀಟರ್ ಹಿಡಿದರೆ ಒಳಗೆ ಬರುವ ಬೆಳಕು ಮೈನಸ್ 8 dBm, ಹೊರಗೆ ಒಂದೊಂದು ಎಳೆಯಲ್ಲಿ ಹೋಗುವುದು ಮೈನಸ್ 18. ಈ ಅಳತೆಯಲ್ಲಿ ಹತ್ತು ಇಳಿದರೆ ಬೆಳಕು ಹತ್ತನೇ ಒಂದು ಪಾಲಾದಂತೆ. ಅಂದರೆ ಸುಮಾರು ಹತ್ತರಲ್ಲಿ ಒಂದು ಪಾಲು. ಎಂಟರಲ್ಲಿ ಒಂದು ಇರಬೇಕಿತ್ತು, ಉಳಿದದ್ದು ಆ ತುಂಡಿನೊಳಗೇ ಕಳೆದುಹೋಗುತ್ತದೆ. ಮೈನಸ್ 27ಕ್ಕಿಂತ ಕೆಳಗೆ ಇಳಿದರೆ ಮನೆಯ ಮೋಡೆಮ್‌ಗೆ ಕಣ್ಣು ಕಾಣಿಸದು, ಕೆಂಪು ದೀಪ ಹೊತ್ತಿಕೊಳ್ಳುತ್ತದೆ.

ಹುಡುಗರು ಇದನ್ನು ‘ಒನ್ ಬೈ ಏಯ್ಟ್’ ಎನ್ನುತ್ತಾರೆ. ನನಗೆ ತಕ್ಷಣ ನೆನಪಾದದ್ದು ಹೋಟೆಲಿನ ಬೈ ಟೂ ಕಾಫಿ. ಎರಡು ಲೋಟಕ್ಕೆ ಹಾಕಿದರೆ ಕಾಫಿ ಅರ್ಧ ಆಗುತ್ತದೆ, ರುಚಿ ಅರ್ಧ ಆಗುವುದಿಲ್ಲ ಅಲ್ವಾ? ಇಲ್ಲಿಯೂ ಹಾಗೆಯೇ. ಬೆಳಕು ಕಮ್ಮಿಯಾಗುತ್ತದೆ, ಅದು ಹೊತ್ತು ತಂದ ಸುದ್ದಿ ಎಂಟೂ ಮನೆಗೆ ಪೂರ್ತಿ ಹೋಗುತ್ತದೆ. ತನ್ನದು ಯಾವುದೋ ಅದನ್ನು ಮಾತ್ರ ಮೋಡೆಮ್ ಆರಿಸಿಕೊಳ್ಳುತ್ತದೆ. “ಎಂಟು ಮನೆಗೆ ಹಂಚಿದ್ದೀರಿ, ನನಗೆ ಎಂಟನೇ ಒಂದು ಸ್ಪೀಡಾ?” ಎಂದು ಗ್ರಾಹಕರು ಜಗಳಕ್ಕೆ ಬರುವುದುಂಟು. ಇಡೀ ಲೈನಿನ ವೇಗ, ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಎಲ್ಲರಿಗೂ ಸೇರಿದ್ದು ನಿಜ. ಆದರೆ ಅದನ್ನು ಸಮಪಾಲು ಮಾಡುವುದು ಈ ಲೋಹದ ತುಂಡಲ್ಲ. ‘ವಿಭಾಜಕ’ ಎಂದು ಹೆಸರಿಟ್ಟರೆ ಆ ಜಗಳಕ್ಕೆ ನಾವೇ ಎಣ್ಣೆ ಸುರಿದಂತೆ.

ಇನ್ನೊಂದು ತೊಡಕಿದೆ. ಅದೇ ತುಂಡಿನಲ್ಲಿ ಬೆಳಕು ವಾಪಸ್ಸೂ ಬರುತ್ತದೆ. ಹೋಗುವ ಬೆಳಕಿನ ತರಂಗಾಂತರ 1490 ನ್ಯಾನೋಮೀಟರ್, ಬರುವುದರದ್ದು 1310, ಹಾಗಾಗಿ ಎರಡೂ ಬೆರೆಯುವುದಿಲ್ಲ. ಎಂಟು ಮನೆಗಳು ಸರದಿಯ ಮೇಲೆ ಕಳಿಸಿದ್ದು ಇಲ್ಲಿ ಒಂದೇ ಎಳೆಗೆ ಸೇರುತ್ತದೆ. ಹೋಗುವಾಗ ಬಿಡಿಸುತ್ತದೆ, ಬರುವಾಗ ಕೂಡಿಸುತ್ತದೆ. ಕೇಬಲ್ ಟಿವಿ ಕಾಲದಿಂದ ಬಂದವರ ಬಾಯಲ್ಲಿ ಇದೇ ಜಾತಿಯ ತುಂಡಿಗೆ ‘ಕಪ್ಲರ್’ ಎಂಬ ಹೆಸರಿದೆ, ಅಂದರೆ ಜೋಡಿಸುವುದು! ಎರಡು ಎಳೆಗಳನ್ನು ಕಾಯಿಸಿ ಬೆಸೆದು ಮಾಡುತ್ತಿದ್ದರಿಂದ ಆ ಹೆಸರೂ ಸರಿಯೇ.

ಹಾಗಾಗಿ ಕೆಲಸ ಹೇಳುವ ಪದಕ್ಕಿಂತ ಆಕಾರ ಹೇಳುವ ಪದ ಮೇಲು ಎನ್ನಿಸಿತು. ‘ಕವಲು’ ನಮ್ಮಲ್ಲೇ ಇದೆ. ಮರ ಕವಲೊಡೆಯುತ್ತದೆ, ನಾಲೆ ಕವಲೊಡೆಯುತ್ತದೆ. ಕವಲಿನಲ್ಲಿ ಆ ಕಡೆಗೂ ಹೋಗಬಹುದು, ಈ ಕಡೆಗೂ ಬರಬಹುದು. ‘ಎಂಟು ಕವಲು’, ‘ಮೂವತ್ತೆರಡು ಕವಲು’ ಎಂದರೆ ಬಾಯಿಗೆ ಸಲೀಸು. ಎರಡೇ ಇದ್ದರೆ ‘ಕವೆ’ ಎನ್ನಬಹುದೇನೋ, ಕವೆಗೋಲಿನ ಕವೆ. ಒಂದು ಅನುಮಾನ ಮಾತ್ರ ಉಳಿದಿದೆ. ಕವಲುದಾರಿಗೆ ಬಂದವನು ಒಂದು ದಾರಿ ಹಿಡಿದು ಇನ್ನೊಂದನ್ನು ಬಿಡುತ್ತಾನೆ. ಬೆಳಕು ಎಲ್ಲ ದಾರಿಯನ್ನೂ ಒಟ್ಟಿಗೇ ಹಿಡಿಯುತ್ತದೆ. ಓದುವವರಿಗೆ ದಾರಿ ನೆನಪಾಗುತ್ತದೋ, ಮರ ನೆನಪಾಗುತ್ತದೋ?

ಈಗ ಮನೆಯ ಡಿಬಿ ವಿಷಯ. ‘ಹಂಚು’ ಎಂದರೆ ಒಬ್ಬರು ಅಳೆದು ಕೊಡಬೇಕು, ಊಟದ ಪಂಕ್ತಿಯಲ್ಲಿ ಬಡಿಸಿದ ಹಾಗೆ. ಡಿಬಿ ಹಾಗೆ ಮಾಡುವುದಿಲ್ಲ. ಪ್ರತಿ ಲೈನಿಗೂ ಅದೇ 230 ವೋಲ್ಟ್. 2000 ವಾಟಿನ ಗೀಸರ್ ಹತ್ತಿರಹತ್ತಿರ 9 ಆಂಪಿಯರ್ ತೆಗೆದುಕೊಂಡರೆ, 9 ವಾಟಿನ ಬಲ್ಬು ಒಂದು ಆಂಪಿಯರಿನ 25ನೇ ಒಂದು ಪಾಲು. ನಮ್ಮ ಜನ ಇದನ್ನು ಎಷ್ಟು ಚೆನ್ನಾಗಿ ಹೇಳುತ್ತಾರೆ ನೋಡಿ: “ಗೀಸರ್ ಕರೆಂಟ್ ಜಾಸ್ತಿ ಎಳೆಯುತ್ತೆ.” ಎಳೆಯುವುದು ಗೀಸರು. ಡಿಬಿಯ ಕೆಲಸ ಲೈನುಗಳನ್ನು ಬೇರೆಬೇರೆ ಇಟ್ಟು, ಒಂದರಲ್ಲಿ ಶಾರ್ಟ್ ಆದರೆ ಅದೊಂದನ್ನೇ ಕಡಿದು ಉಳಿದವನ್ನು ಕಾಯುವುದು. ‘ವಿತರಣೆ’ಯಲ್ಲಿ ಈ ಕಾವಲಿನ ಸುಳಿವೇ ಇಲ್ಲ. ಪತ್ರಿಕೆಯ ‘ನಾಳೆ ವಿದ್ಯುತ್ ವ್ಯತ್ಯಯ’ ಸುದ್ದಿಯಲ್ಲಿ ಬರುವ ‘ವಿದ್ಯುತ್ ವಿತರಣಾ ಕೇಂದ್ರ’ಕ್ಕೆ ಆ ಪದ ಇರಲಿ, ಅಲ್ಲಿ ಅದು ಬೇರೂರಿದೆ. ಗೋಡೆಯ ಮೇಲಿನ ಪೆಟ್ಟಿಗೆಯನ್ನು ಸುಮ್ನೆ ‘ಡಿಬಿ’ ಎಂದೇ ಬಿಡುವುದು ಒಳ್ಳೆಯದು ಎಂದು ನನ್ನ ಅನಿಸಿಕೆ. ಕೆಲಸದವರೂ ಮನೆಯವರೂ ಹಾಗೇ ಕರೆಯುತ್ತಾರೆ.

ಕಂಬದ ಮೇಲಿನ ಫೈಬರ್ ಬಾಕ್ಸ್‌ಗೆ ‘ಕವಲುಪೆಟ್ಟಿಗೆ’ ಎಂದು ಬರೆದುಕೊಂಡಿದ್ದೇನೆ. ಅದು ಕವಲನ್ನೂ ಕನೆಕ್ಟರುಗಳನ್ನೂ ಮಳೆ, ಇರುವೆಗಳಿಂದ ಕಾಪಾಡುವ ಗೂಡು, ಅಷ್ಟೇ.

ಧಾರವಾಡ, ಕಲಬುರಗಿ, ಮಂಗಳೂರು ಕಡೆ ಈ ಕೆಲಸ ಮಾಡುವವರು ಸ್ಪ್ಲಿಟರ್‌ಗೆ ಬೇರೆ ಹೆಸರು ಹೇಳುತ್ತಾರೆಯೇ? ‘ಕವೆ’ ನಿಮ್ಮೂರಿನ ಹುಡುಗರಿಗೆ ಈಗಲೂ ಗೊತ್ತಾಗುತ್ತದೆಯೇ? ಚಿತ್ರಗಳಿಗೆ ಹೆಸರು ಬರೆಯುವ ಕೆಲಸವನ್ನು ನಿಮ್ಮ ಉತ್ತರಕ್ಕಾಗಿ ಹಾಗೇ ಇಟ್ಟಿದ್ದೇನೆ.